ನಮ್ಮಲ್ಲೇ ತೈಲವಿರುವಾಗ ಆಮದು ಏಕೆ? ವಿದ್ಯಾರ್ಥಿಗಳ ಚರ್ಚಾಸ್ಪರ್ಧೆಗಾಗಿ ಒಂದು ಪ್ರಶ್ನೆ

ಪ್ರಶ್ನೆ: ಗುಮ್ಮಟ ಬೀದಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಬೋಧಿಸುತ್ತೇನೆ. ಈ ಸಲದ ಚರ್ಚಾಸ್ಪರ್ಧೆಗೆ ನಮ್ಮ ವಿದ್ಯಾರ್ಥಿಗಳು ತಾವೇ ಆರಿಸಿಕೊಂಡ ವಿಷಯ ಹೀಗಿದೆ: ‘ದೇಶದೊಳಗಿನ ತೈಲ ನಿಕ್ಷೇಪಗಳನ್ನು ಪೂರ್ತಿಯಾಗಿ ಬಳಸಿಕೊಂಡರೆ ಭಾರತಕ್ಕೆ ಹೊರದೇಶದ ತೈಲದ ಹಂಗು ಉಳಿಯುವುದಿಲ್ಲ.’ ಮಕ್ಕಳು ಉತ್ಸಾಹದಿಂದ ಅಂಕಿಅಂಶಗಳನ್ನು ಕಲೆಹಾಕುತ್ತಿದ್ದಾರೆ. ಆದರೆ ಆ ಅಂಕಿಗಳನ್ನು ಹೇಗೆ ಓದಬೇಕು ಎಂಬಲ್ಲಿ ಅವರಿಗಷ್ಟೇ ಅಲ್ಲ, ನನಗೂ ಬಲ್ಲವರ ನೆರವು ಬೇಕಾಗಿದೆ.

ಪರವಾಗಿ ಮಾತನಾಡುವವರ ವಾದ ಸರಳವಾಗಿದೆ. ಸರ್ಕಾರಿ ಅಂದಾಜಿನಂತೆ ದೇಶದಲ್ಲಿ ಸುಮಾರು 67 ಕೋಟಿ ಟನ್ ಕಚ್ಚಾ ತೈಲದ ನಿಕ್ಷೇಪವಿದೆ. ವರ್ಷಕ್ಕೆ ನಾವು ಹೊರತೆಗೆಯುವುದು 3 ಕೋಟಿ ಟನ್ನಿಗಿಂತ ತುಸು ಕಡಿಮೆ. ಬಳಸುವ ಪೆಟ್ರೋಲಿಯಂ ಉತ್ಪನ್ನಗಳು ಮಾತ್ರ 23 ಕೋಟಿ ಟನ್ನಿನಷ್ಟು. ಇಷ್ಟೊಂದು ನಿಕ್ಷೇಪವನ್ನು ನೆಲದಲ್ಲೇ ಬಿಟ್ಟು ಶೇಕಡಾ 85ಕ್ಕಿಂತ ಹೆಚ್ಚು ಕಚ್ಚಾ ತೈಲವನ್ನು ಹೊರಗಿನಿಂದ ತರುವುದು ನೀತಿಯ ಸೋಲಲ್ಲವೇ ಎಂದು ಅವರು ಕೇಳುತ್ತಾರೆ. ನಮ್ಮದೇ ತೈಲವಾದರೆ ಪೆಟ್ರೋಲ್ ಅಗ್ಗವಾಗುತ್ತದೆ ಎಂಬುದೂ ಅವರ ನಂಬಿಕೆ. ವಿರೋಧಿಸುವವರು ತೈಲದ ಗೊಡವೆಯೇ ಬೇಡ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಕಬ್ಬಿನಿಂದ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಬರುತ್ತಿರುವಾಗ ಬಾವಿ ಕೊರೆಯಲು ಹಣ ಸುರಿಯುವುದೇಕೆ ಎನ್ನುತ್ತಾರೆ.

ನಡುವೆ ಬಾಗಲಕೋಟೆ ಕಡೆಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ತೈಲ ಸಿಗಬಹುದಾದ ಪ್ರದೇಶಗಳ ಸರ್ಕಾರಿ ಪಟ್ಟಿಯಲ್ಲಿ ತಮ್ಮ ಜಿಲ್ಲೆಯ ಕಲಾದಗಿಯ ಹೆಸರೂ ಇದೆ, ಅಲ್ಲಿ ಏಕೆ ಕೊರೆಯುತ್ತಿಲ್ಲ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಈ ವಿಷಯಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. ಮಕ್ಕಳು ವೇದಿಕೆಯ ಮೇಲೆ ಜೋರಾಗಿ ಮಾತನಾಡುವುದಕ್ಕಿಂತ ಸರಿಯಾಗಿ ಮಾತನಾಡುವುದು ನನಗೆ ಮುಖ್ಯ.

ಉತ್ತರ: ಬಾದಾಮಿ ಕಲ್ಲು, ಬಾಗಲಕೋಟೆ

ಗುರುಗಳೇ, ನಾನು ಭೂವಿಜ್ಞಾನ ಕಲಿಸಿ ನಿವೃತ್ತನಾದವನು. ಆದ್ದರಿಂದ ನೆಲದಡಿಯ ಮಾತನ್ನು ಹೇಳುತ್ತೇನೆ. ಬೆಲೆ, ತೆರಿಗೆಗಳ ಮಾತನ್ನು ಅದನ್ನು ಬಲ್ಲವರು ಮುಂದುವರಿಸಲಿ.

ಮೊದಲು ಆ 67 ಕೋಟಿ ಟನ್ನಿನ ಭಾಗಾಕಾರವನ್ನು ಮಕ್ಕಳಿಂದಲೇ ಮಾಡಿಸಿರಿ. ವರ್ಷಕ್ಕೆ 23 ಕೋಟಿ ಟನ್ ಬಳಸುವ ದೇಶವು ಒಂದು ಹನಿಯನ್ನೂ ಹೊರಗಿನಿಂದ ತರದೆ ಈ ನಿಕ್ಷೇಪವನ್ನೇ ನಂಬಿ ಕುಳಿತರೆ, ಅದು ಮೂರು ವರ್ಷ ತುಂಬುವ ಮೊದಲೇ ಬರಿದಾಗುತ್ತದೆ. ‘ಇದ್ದೂ ತೆಗೆಯುತ್ತಿಲ್ಲ’ ಎಂಬ ವಾದದ ಬುಡವೇ ಇಲ್ಲಿ ಸಡಿಲವಾಗುತ್ತದೆ. ಅದರ ಮೇಲೆ, ಈ ಅಂಕಿ ನೆಲದಡಿ ಇರುವ ಒಟ್ಟು ಎಣ್ಣೆಯದಲ್ಲ, ತೆಗೆಯಲು ಬರುವಷ್ಟರದು. ಜಗತ್ತಿನ ಸರಾಸರಿ ನೋಡಿದರೆ, ಒಂದು ನಿಕ್ಷೇಪದಲ್ಲಿರುವ ಎಣ್ಣೆಯ ಮೂರನೇ ಒಂದು ಭಾಗದಷ್ಟು ಮಾತ್ರ ಕೈಗೆ ಬರುತ್ತದೆ.

ಅವಸರದಿಂದ ತೆಗೆಯಲು ಸಾಧ್ಯವೂ ಇಲ್ಲ. ನೆಲದಡಿ ಎಣ್ಣೆ ಕೆರೆಯಾಗಿ ನಿಂತಿರುವುದಿಲ್ಲ. ಮರಳುಗಲ್ಲಿನ ಅಥವಾ ಸುಣ್ಣದಕಲ್ಲಿನ ಕಣಗಳ ನಡುವಣ ಸೂಕ್ಷ್ಮ ರಂಧ್ರಗಳಲ್ಲಿ, ಸಾಮಾನ್ಯವಾಗಿ ಕೆಳಗೆ ಉಪ್ಪುನೀರು, ಕೆಲವೆಡೆ ಮೇಲೆ ಅನಿಲ, ಇವುಗಳ ನಡುವೆ ಒತ್ತಡದಲ್ಲಿ ಸಿಕ್ಕಿಕೊಂಡಿರುತ್ತದೆ. ಬಾವಿ ಕೊರೆದಾಗ ಆ ಒತ್ತಡವೇ ಎಣ್ಣೆಯನ್ನು ಬಾವಿಯತ್ತ ತಳ್ಳುತ್ತದೆ. ಅಳತೆ ಮೀರಿ ಎಳೆದರೆ ಒತ್ತಡ ಕುಸಿಯುತ್ತದೆ, ಕೆಳಗಿನ ನೀರು ಎಣ್ಣೆಗಿಂತ ಮುಂಚೆ ಬಾವಿಗೆ ಏರಿಬರುತ್ತದೆ, ಹಿಂದುಳಿದ ಎಣ್ಣೆ ರಂಧ್ರಗಳಲ್ಲಿ ಚದುರಿ ಅಲ್ಲೇ ಉಳಿದುಬಿಡುತ್ತದೆ. ಹಳೆಯ ಕ್ಷೇತ್ರಗಳಲ್ಲಿ ಮೇಲೆ ಬರುವ ದ್ರವದಲ್ಲಿ ಎಣ್ಣೆಗಿಂತ ನೀರೇ ಹೆಚ್ಚಾಗಿರುತ್ತದೆ.

ಇತಿಹಾಸವನ್ನೂ ಗಮನಿಸಬೇಕು. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ತೈಲ ಸಿಕ್ಕಿತು, 1901ರಲ್ಲಿ ಅಲ್ಲಿ ಸಂಸ್ಕರಣಾಗಾರ ಆರಂಭವಾಯಿತು. ದೊಡ್ಡ ತಿರುವು ಕೊಟ್ಟದ್ದು 1974ರಲ್ಲಿ ಪತ್ತೆಯಾಗಿ 1976ರಿಂದ ತೈಲ ಕೊಡತೊಡಗಿದ, ಅರಬ್ಬಿ ಸಮುದ್ರದಲ್ಲಿರುವ ಮುಂಬೈ ಹೈ ಕ್ಷೇತ್ರ. ಅದರ ಬಲದಿಂದ 1980ರ ದಶಕದ ಮಧ್ಯದಲ್ಲಿ ದೇಶದ ಉತ್ಪಾದನೆ ವರ್ಷಕ್ಕೆ 3 ಕೋಟಿ ಟನ್ನಿನ ಆಸುಪಾಸಿಗೆ ಬಂತು. ಆಗಿನ ಬಳಕೆ ಸುಮಾರು 4 ಕೋಟಿ ಟನ್ ಇದ್ದುದರಿಂದ ಅಗತ್ಯದ ಬಹುಪಾಲು ದೇಶದೊಳಗೇ ನೀಗುತ್ತಿತ್ತು. ಇಂದಿನ ಉತ್ಪಾದನೆಯೂ ಹೆಚ್ಚುಕಡಿಮೆ ಅಷ್ಟೇ ಇದೆ: 2023-24ರಲ್ಲಿ 2.94 ಕೋಟಿ ಟನ್. ಬಳಕೆ ಮಾತ್ರ ಆರು ಪಟ್ಟಿನ ಹತ್ತಿರಕ್ಕೆ ಬೆಳೆದಿದೆ. ಆಮದಿನ ಕಥೆಯೆಲ್ಲ ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ.

ನಡುವೆ ಒಮ್ಮೆ, 2011-12ರಲ್ಲಿ, ಉತ್ಪಾದನೆ 3.8 ಕೋಟಿ ಟನ್ನಿಗೆ ಏರಿತ್ತು. ಅದಕ್ಕೆ ಮುಖ್ಯ ಕಾರಣ ರಾಜಸ್ಥಾನದ ಬಾಡಮೇರ್. ಅಲ್ಲಿನ ಮಂಗಲಾ ಕ್ಷೇತ್ರ 2004ರಲ್ಲಿ ಪತ್ತೆಯಾಗಿ 2009ರಲ್ಲಿ ಉತ್ಪಾದನೆ ಆರಂಭಿಸಿತು. ಆ ಎಣ್ಣೆಯಲ್ಲಿ ಮೇಣದ ಅಂಶ ಬಹಳ. ಹೊರಗಿನ ಸಾಮಾನ್ಯ ಉಷ್ಣತೆಯಲ್ಲಿ ಅದು ಹೆಪ್ಪುಗಟ್ಟಿ ಹರಿಯುವುದೇ ಇಲ್ಲ. ಆದ್ದರಿಂದ ಗುಜರಾತ್ ಕರಾವಳಿಯವರೆಗೆ ಉದ್ದಕ್ಕೂ ಬಿಸಿ ಮಾಡುವ ಕೊಳವೆ ಮಾರ್ಗ ಹಾಕಬೇಕಾಯಿತು. ಮುಂದೆ ಇಳುವರಿ ಇಳಿಯತೊಡಗಿದಾಗ, ನೀರಿಗೆ ಪಾಲಿಮರ್ ಬೆರೆಸಿ ದಪ್ಪಗೆ ಮಾಡಿ, ಅದನ್ನು ನೆಲದೊಳಕ್ಕೆ ಒತ್ತಿ, ಉಳಿದ ಎಣ್ಣೆಯನ್ನು ಬಾವಿಯತ್ತ ತಳ್ಳುವ ವಿಧಾನವನ್ನು ಬಹುದೊಡ್ಡ ಪ್ರಮಾಣದಲ್ಲಿ ಅಳವಡಿಸಿದರು. ತೈಲವಿದೆ ಎಂದು ಗೊತ್ತಾದ ಮೇಲೂ ಐದು ವರ್ಷ, ಅಪಾರ ಬಂಡವಾಳ, ಇಷ್ಟೊಂದು ಕೌಶಲ ಬೇಕಾಯಿತು ಎಂಬುದನ್ನು ಮಕ್ಕಳು ತಿಳಿಯಬೇಕು.

ಹಾಗೆಂದು ನೀತಿಯನ್ನು ಪೂರ್ತಿ ದೋಷಮುಕ್ತ ಎನ್ನಲಾರೆ. ಕಡಲಿನ ವಿಶಾಲ ಪ್ರದೇಶಗಳು ಬಹುಕಾಲ ಶೋಧಕ್ಕೆ ನಿಷಿದ್ಧವಾಗಿದ್ದವು, ಅವುಗಳ ಬಹುಭಾಗ ತೆರೆದದ್ದು ಇತ್ತೀಚೆಗೆ. 2022ರ ಜುಲೈಯಲ್ಲಿ ದೇಶೀಯ ಕಚ್ಚಾ ತೈಲದ ಮೇಲೆ ಹೆಚ್ಚುವರಿ ಲಾಭದ ತೆರಿಗೆ ಹಾಕಿ 2024ರ ಡಿಸೆಂಬರಿನಲ್ಲಿ ತೆಗೆದರು. ಹತ್ತು ವರ್ಷ ಮುಂದಿನ ಫಲಕ್ಕಾಗಿ ಇಂದು ಹಣ ಹೂಡುವವನಿಗೆ ತೆರಿಗೆ ಹೀಗೆ ಬಂದು ಹೋಗುವುದು ಧೈರ್ಯ ಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಆ ವಿದ್ಯಾರ್ಥಿನಿಯ ಪ್ರಶ್ನೆ. ಅವಳು ಸರಿಯಾಗಿಯೇ ಓದಿದ್ದಾಳೆ. ದೇಶದ 26 ಜಲಜಶಿಲಾ ಪ್ರದೇಶಗಳ, ಎಂದರೆ ನೀರಿನಡಿ ಪದರಪದರವಾಗಿ ಶೇಖರವಾದ ಕಲ್ಲಿನ ಪ್ರದೇಶಗಳ, ಪಟ್ಟಿಯಲ್ಲಿ ಭೀಮಾ-ಕಲಾದಗಿ ಇದೆ, ಆದರೆ ಮೂರನೆಯ ವರ್ಗದಲ್ಲಿ. ತೈಲೋತ್ಪಾದನೆ ನಡೆದಿರುವ ಪ್ರದೇಶಗಳು ಮೊದಲ ವರ್ಗದವು. ಮೂರನೆಯದರಲ್ಲಿ ಇರುವುದೆಲ್ಲ ಅನುಮಾನದ ಮಟ್ಟದ ಸಾಧ್ಯತೆ. ಬಾದಾಮಿಯ ಗುಹಾಲಯಗಳನ್ನು ಕೊರೆದ ಕೆಂಪು ಮರಳುಗಲ್ಲು ಇದೇ ಕಲಾದಗಿ ಪ್ರದೇಶದ್ದು. ಇಲ್ಲಿನ ಸುಣ್ಣದಕಲ್ಲು, ಡೋಲೊಮೈಟುಗಳಲ್ಲಿ ಅಲ್ಲಲ್ಲಿ ಬರಿಗಣ್ಣಿಗೇ ಕಾಣುವ ಅಲೆಯಲೆಯಾದ, ಗುಮ್ಮಟದಾಕಾರದ ಪದರಗಳಿವೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳು ಅವು. ಎಂದರೆ ಜೀವವಿತ್ತು. ಆದರೆ ಎಣ್ಣೆಯಾಗಲು ಆ ಜೈವಿಕ ದ್ರವ್ಯ ಸಾಕಷ್ಟು ಪ್ರಮಾಣದಲ್ಲಿ ಹೂತುಹೋಗಿ ಹದವಾದ ಶಾಖ ಪಡೆಯಬೇಕು. ಆದ ಎಣ್ಣೆ ರಂಧ್ರವುಳ್ಳ ಶಿಲೆಗೆ ಸೇರಬೇಕು. ಮೇಲೆ ಅದನ್ನು ಹಿಡಿದಿಡುವ ಬಿಗಿಯಾದ ಪದರವಿರಬೇಕು. ಅಷ್ಟು ದೀರ್ಘಕಾಲ ಎಲ್ಲಿಯೂ ಸೋರದೆ ಉಳಿಯಬೇಕು. ಇವೆಲ್ಲ ಒಟ್ಟಿಗೆ ಕೂಡಿಬಂದ ಪುರಾವೆ ಇಲ್ಲಿ ಸಿಕ್ಕಿಲ್ಲ. ಹಳೆಯ ಶಿಲೆಯಲ್ಲಿ ಎಣ್ಣೆ ಇರಲಾರದೆಂದೇನೂ ಅಲ್ಲ. ರಾಜಸ್ಥಾನದ ಬಾಘೇವಾಲಾದಲ್ಲಿ ಬಹು ಪ್ರಾಚೀನ ಶಿಲೆಗಳಲ್ಲಿ ಭಾರವಾದ ಎಣ್ಣೆ ದೊರೆತಿದೆ. ಮಗುವಿನ ಕುತೂಹಲವನ್ನು ದಯವಿಟ್ಟು ಉಳಿಸಿರಿ.

ಉತ್ತರ: ಕೋಟೆಕೆರೆ, ಬೆಳಗಾವಿ

ಹಿರಿಯರು ನೆಲದಡಿಯ ಲೆಕ್ಕವನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಭೂಗತ ಸುರಂಗಗಳ ಕಾಮಗಾರಿಯಲ್ಲಿ ದುಡಿದ ಸಿವಿಲ್ ಎಂಜಿನಿಯರ್. ಚರ್ಚೆಯಲ್ಲಿ ಯಾರೂ ಎತ್ತದ ಇನ್ನೊಂದು ಸಂಗ್ರಹದ ವಿಷಯ ಹೇಳಬಯಸುತ್ತೇನೆ: ನಿಸರ್ಗ ಇಟ್ಟದ್ದಲ್ಲ, ನಾವು ತಂದು ಇಟ್ಟುಕೊಂಡದ್ದು.

ಅದಕ್ಕೂ ಮೊದಲು ಬೆಲೆಯ ಮಾತು. ದೇಶೀಯ ತೈಲ ಬಂದರೆ ಪೆಟ್ರೋಲ್ ಅಗ್ಗವಾಗುತ್ತದೆ ಎಂಬ ವಾದವನ್ನು ಮಕ್ಕಳು ಕೈಬಿಡುವುದು ಒಳಿತು. ನಮ್ಮ ಕಂಪನಿಗಳು ತೆಗೆದ ಕಚ್ಚಾ ತೈಲ ಸಂಸ್ಕರಣಾಗಾರಕ್ಕೆ ಮಾರಾಟವಾಗುವುದು ಅಂತಾರಾಷ್ಟ್ರೀಯ ದರಕ್ಕೆ ಹೊಂದಿಕೊಂಡ ಬೆಲೆಯಲ್ಲೇ. 2022ರ ಅಕ್ಟೋಬರಿನಿಂದ ದೇಶದೊಳಗೆ ಯಾರಿಗಾದರೂ ಮಾರುವ ಸ್ವಾತಂತ್ರ್ಯವೂ ಅವರಿಗಿದೆ. ದೇಶೀಯ ಉತ್ಪಾದನೆಯಿಂದ ಉಳಿಯುವುದು ವಿದೇಶಿ ವಿನಿಮಯ. 1990ರ ಕೊಲ್ಲಿ ಬಿಕ್ಕಟ್ಟಿನಲ್ಲಿ ತೈಲದ ಬಿಲ್ಲು ಏರಿದ್ದು 1991ರ ವಿದೇಶಿ ವಿನಿಮಯದ ಸಂಕಟಕ್ಕೆ ಒಂದು ಕಾರಣವಾಗಿತ್ತು. ಅರ್ಥಶಾಸ್ತ್ರದ ಮಾಸ್ತರರಿಗೆ ಅದನ್ನು ನಾನು ಹೇಳಬೇಕಾಗಿಲ್ಲ.

ಈಗ ಸಂಗ್ರಹ. ಬರ ಬಂದೀತೆಂದು ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದಂತೆ, ಪೂರೈಕೆ ತಪ್ಪಿದ ದಿನಗಳಿಗಾಗಿ ಸರ್ಕಾರ ಬಂಡೆಯೊಳಗೆ ಕಚ್ಚಾ ತೈಲ ಇಟ್ಟಿದೆ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ನಮ್ಮದೇ ಕರಾವಳಿಯ ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್. ದೇಶದ ಇಂಥ ಒಟ್ಟು ಸಾಮರ್ಥ್ಯದ ಮುಕ್ಕಾಲು ಪಾಲು ಕರ್ನಾಟಕದಲ್ಲಿದೆ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು.

ಈ ಗವಿಗಳಿಗೆ ಉಕ್ಕಿನ ಅಥವಾ ಕಾಂಕ್ರೀಟಿನ ಒಳಪದರವಿಲ್ಲ, ಬರೀ ಬಂಡೆ. ಬಿರುಕುಗಳಲ್ಲಿ ಎಣ್ಣೆ ಸೋರಿಹೋಗದಂತೆ ತಡೆಯುವುದು ನೀರು. ಗವಿಯ ಮೇಲ್ಭಾಗದಲ್ಲಿ ಸಣ್ಣ ಸುರಂಗ ತೋಡಿ, ಅಲ್ಲಿಂದ ಸಾಲಾಗಿ ರಂಧ್ರ ಕೊರೆದು, ಅವುಗಳಲ್ಲಿ ನೀರಿನ ಒತ್ತಡವನ್ನು ಸದಾ ಕಾಯ್ದಿರಿಸುತ್ತಾರೆ. ಸುತ್ತಲಿನ ನೀರಿನ ಒತ್ತಡ ಒಳಗಿನದಕ್ಕಿಂತ ಹೆಚ್ಚಿರುವುದರಿಂದ ಎಣ್ಣೆ ಹೊರಗೆ ಹೋಗದು. ಬದಲಿಗೆ ತುಸು ನೀರೇ ಒಳಗೆ ಜಿನುಗಿ ತಳ ಸೇರುತ್ತದೆ, ಅದನ್ನು ಪಂಪಿನಿಂದ ಎತ್ತುತ್ತಾರೆ. ಆ ಒತ್ತಡದ ಮಾಪಕಗಳನ್ನು ಹಗಲಿರುಳೂ ನೋಡಿಕೊಳ್ಳಬೇಕಾಗುತ್ತದೆ.

2020ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಜಗತ್ತಿನ ಬೇಡಿಕೆ ಕುಸಿದು ಬೆಲೆ ಪಾತಾಳಕ್ಕಿಳಿದಾಗ, ಸರಾಸರಿ ಬ್ಯಾರಲಿಗೆ 19 ಡಾಲರಿನಂತೆ ಕೊಂಡು ಈ ಗವಿಗಳನ್ನು ತುಂಬಿಸಲಾಯಿತು. ಸುಮಾರು 5,000 ಕೋಟಿ ರೂಪಾಯಿ ಉಳಿಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಇದು ಮೆಚ್ಚತಕ್ಕ ಕೆಲಸ. ಆದರೆ ಮೂರೂ ತುಂಬಿದ್ದರೂ, 2019-20ರ ಬಳಕೆಯ ಲೆಕ್ಕದಲ್ಲಿ ಅದು ಒಂಬತ್ತೂವರೆ ದಿನಕ್ಕೆ ಸಾಕಾಗುವಷ್ಟು. ತೈಲ ಕಂಪನಿಗಳ ಟ್ಯಾಂಕುಗಳಲ್ಲಿರುವ 64 ದಿನಗಳಷ್ಟನ್ನು ಕೂಡಿಸಿದರೂ 74 ದಿನ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ರಾಷ್ಟ್ರಗಳಿಗೆ ಹಾಕಿರುವ ನಿಯಮ 90 ದಿನ. ಒಡಿಶಾದ ಚಂಡಿಖೋಲ್ ಮತ್ತು ಪಾದೂರಿನ ಎರಡನೆಯ ಹಂತಕ್ಕೆ 2021ರಲ್ಲಿ ಒಪ್ಪಿಗೆ ದೊರೆತಿದೆ. ಇಂಥ ಗವಿ ತೋಡಲು ವರ್ಷಗಳೇ ಹಿಡಿಯುತ್ತವೆ, ಬಿಕ್ಕಟ್ಟು ಬಂದ ಮೇಲೆ ಶುರುಮಾಡಿ ಪ್ರಯೋಜನವಿಲ್ಲ.

ಅಡುಗೆ ಅನಿಲದ ವಿಷಯದಲ್ಲಿ ನನಗೆ ಇನ್ನೂ ಹೆಚ್ಚಿನ ಕಳವಳವಿದೆ. ದೇಶಕ್ಕೆ ಬೇಕಾದ ಎಲ್‌ಪಿಜಿಯ ಸುಮಾರು ಶೇಕಡಾ 60 ಆಮದಾಗುತ್ತದೆ, ಅದರಲ್ಲಿ ಬಹುಪಾಲು ಕೊಲ್ಲಿ ರಾಷ್ಟ್ರಗಳಿಂದ ಬರುತ್ತದೆ. ವಿಶಾಖಪಟ್ಟಣದ ಭೂಗತ ಎಲ್‌ಪಿಜಿ ಗವಿಯ ಸಾಮರ್ಥ್ಯ 60,000 ಟನ್. ವರ್ಷಕ್ಕೆ ಸುಮಾರು 3 ಕೋಟಿ ಟನ್ ಉರಿಸುವ ದೇಶಕ್ಕೆ ಅದು ಒಂದು ದಿನಕ್ಕೂ ಸಾಲದು. ಕಚ್ಚಾ ತೈಲದ ಬಗ್ಗೆ ಇಷ್ಟು ಚರ್ಚಿಸುವ ನಾವು ಒಲೆಯ ಮೇಲಿನ ಇಂಧನದ ಸಂಗ್ರಹದ ಬಗ್ಗೆ ಮಾತನಾಡುವುದೇ ಇಲ್ಲ.

ಉತ್ತರ: ಘಟಪ್ರಭಾ ದಂಡೆ, ಮುಧೋಳ

ಗುರುಗಳೇ, ನಾನು ಕಬ್ಬು ಬೆಳೆಗಾರ. ಎಥೆನಾಲ್ ಪರ ವಾದಿಸುವ ಮಕ್ಕಳಿಗೆ ನನ್ನ ಬೆಂಬಲವಿದೆ, ಆದರೆ ಅರ್ಧದಷ್ಟು ಮಾತ್ರ.

2013-14ರಲ್ಲಿ ಪೆಟ್ರೋಲಿಗೆ ಬೆರೆಯುತ್ತಿದ್ದ ಎಥೆನಾಲ್ ಶೇಕಡಾ ಒಂದೂವರೆ. 2022ರ ಜೂನಿನಲ್ಲಿ ಅದು ಶೇಕಡಾ 10 ಮುಟ್ಟಿತು, 2025ರಲ್ಲಿ ಶೇಕಡಾ 20ಕ್ಕೆ ಬಂತು. ಇಷ್ಟು ಬೇಗ ಗುರಿ ಮುಟ್ಟಿದ ಸರ್ಕಾರಿ ಯೋಜನೆಗಳು ಕಡಿಮೆ. ಸಕ್ಕರೆ ಗೋದಾಮಿನಲ್ಲಿ ಬಿದ್ದು ಬೆಲೆ ಕುಸಿದ ವರ್ಷಗಳಲ್ಲಿ ನಮ್ಮ ಬಿಲ್ಲು ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಡಿಸ್ಟಿಲರಿ ಇರುವ ಕಾರ್ಖಾನೆಗೆ ಎಥೆನಾಲ್ ಹಣ ಬೇಗ ಕೈಸೇರುವುದರಿಂದ ನಮಗೂ ಅನುಕೂಲವಾಗಿದೆ. ಆದರೆ ಆ ಲಾಭದಲ್ಲಿ ಬೆಳೆಗಾರನಿಗೆ ನ್ಯಾಯವಾದ ಪಾಲು ಸಿಗುತ್ತಿಲ್ಲ ಎಂಬ ಬೇಡಿಕೆ ಇಂದಿಗೂ ಉಳಿದಿದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕುಳಿತದ್ದನ್ನು ನಿಮ್ಮ ಮಕ್ಕಳೂ ನೋಡಿರಬಹುದು.

ಇನ್ನರ್ಧ ನೀರಿನ ಮಾತು. 2021ರ ನೀತಿ ಆಯೋಗದ ತಜ್ಞರ ವರದಿಯೇ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಮಾಡಲು ಸುಮಾರು 2,860 ಲೀಟರ್ ನೀರು ಬೇಕೆಂದು ಹೇಳುತ್ತದೆ. ಅದರ ಫಲವನ್ನು ನಾನು ದಿನವೂ ಕಾಣುತ್ತೇನೆ. ನದಿಯಂಚಿನ ಕಪ್ಪು ಎರೆಯಲ್ಲಿ ವರ್ಷವಿಡೀ ನೀರು ನಿಲ್ಲಿಸಿ, ಬಸಿಗಾಲುವೆಗಳಿಲ್ಲದೆ, ಭೂಮಿ ಸವಳು-ಜವಳಾಗಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಉಪ್ಪು ಏಳುತ್ತದೆ, ಕಬ್ಬಿನ ನಾಟಿ ಮೊಣಕಾಲೆತ್ತರಕ್ಕೆ ಬಂದು ಎಲೆಯ ತುದಿಯಿಂದ ಒಣಗುತ್ತದೆ, ಅಗೆದರೆ ಎರಡು ಅಡಿಗೇ ಉಪ್ಪುನೀರು ಸಿಗುತ್ತದೆ. ಜಮಖಂಡಿ, ಅಥಣಿ ಕಡೆಯವರೂ ಇದನ್ನು ಬಲ್ಲರು. ಸಕ್ಕರೆ ತೆಗೆದ ಮೇಲೆ ಉಳಿಯುವ ಮೊಲಾಸಿಸಿನಿಂದ, ಹೆಚ್ಚಾದ ಸಕ್ಕರೆಯ ಬದಲಿಗೆ ಎಥೆನಾಲ್ ಮಾಡಿರಿ, ಅದು ಸರಿ. ಎಥೆನಾಲ್‌ಗಾಗಿ ಕಬ್ಬಿನ ಕ್ಷೇತ್ರವನ್ನು ಇನ್ನೂ ವಿಸ್ತರಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಮಳೆ ಕೈಕೊಟ್ಟರೆ ಏನಾಗುತ್ತದೆಂಬುದನ್ನು 2023ರ ಡಿಸೆಂಬರ್ ತೋರಿಸಿತು: ಸಕ್ಕರೆ ಕೊರತೆಯ ಭಯದಿಂದ ಕಬ್ಬಿನ ಹಾಲಿನಿಂದ ನೇರವಾಗಿ ಎಥೆನಾಲ್ ಮಾಡುವುದನ್ನು ಸರ್ಕಾರವೇ ತಡೆಯಿತು.

ಉತ್ತರ: ಡೋಣಿ ಸೀಮೆ, ತಾಳಿಕೋಟೆ

ಮುಧೋಳದ ಅಣ್ಣಾವರ ಮಾತಿಗೆ ನನ್ನದೊಂದು ಸೇರಿಕೆ. ನಾನು ಕೃಷಿ ಯಂತ್ರೋಪಕರಣಗಳ ಕ್ಷೇತ್ರದಲ್ಲಿರುವವಳು. ಇಡೀ ಚರ್ಚೆ ಪೆಟ್ರೋಲಿನ ಸುತ್ತ ತಿರುಗುತ್ತಿದೆ, ದೇಶ ನಡೆಯುವುದು ಡೀಸೆಲ್ ಮೇಲೆ. 2023-24ರಲ್ಲಿ ಪೆಟ್ರೋಲ್ ಬಳಕೆ ಸುಮಾರು 3.7 ಕೋಟಿ ಟನ್ ಇದ್ದರೆ ಡೀಸೆಲ್ ಬಳಕೆ ಸುಮಾರು 9 ಕೋಟಿ ಟನ್. ಎಥೆನಾಲ್ ಬೆರೆಯುವುದು ಪೆಟ್ರೋಲಿಗೆ. ಒಂದು ಲೀಟರ್ ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಇರುವುದರಿಂದ, ಶೇಕಡಾ 20ರ ಬೆರಕೆ ಉಳಿಸುವ ಪೆಟ್ರೋಲ್ ನನ್ನ ಲೆಕ್ಕದಲ್ಲಿ 50 ಲಕ್ಷ ಟನ್ನಿನ ಆಸುಪಾಸು. ಎಂದರೆ ಒಟ್ಟು ಪೆಟ್ರೋಲಿಯಂ ಬಳಕೆಯ ಶೇಕಡಾ 2ರಷ್ಟು. ಅದು ಸಣ್ಣದಲ್ಲ, ಆದರೆ ಆಮದಿನ ಹಂಗನ್ನು ತಪ್ಪಿಸುವಷ್ಟೂ ಅಲ್ಲ.

ಹಂಗಾಮಿನಲ್ಲಿ ಕಬ್ಬು ಹೊತ್ತ ಡಬಲ್ ಟ್ರೇಲರ್ ಟ್ರ್ಯಾಕ್ಟರುಗಳು ಕಾರ್ಖಾನೆಯ ಗೇಟಿನಿಂದ ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಂತಿರುತ್ತವೆ. ಎಥೆನಾಲ್ ಆಗಲಿರುವ ಆ ಕಬ್ಬು ಕಾರ್ಖಾನೆ ತಲುಪುವುದೂ ಡೀಸೆಲ್‌ನಿಂದಲೇ. ಆದ್ದರಿಂದ ಸರಕು ಸಾಗಣೆಯನ್ನು ವಿದ್ಯುತ್ ರೈಲಿಗೆ ಹೆಚ್ಚು ಹೆಚ್ಚಾಗಿ ವರ್ಗಾಯಿಸುವುದು, ನಗರ ಬಸ್ಸುಗಳನ್ನು ವಿದ್ಯುತ್ತಿಗೆ ತಿರುಗಿಸುವುದು, ಪಂಪ್‌ಸೆಟ್ಟುಗಳನ್ನು ಸೌರಶಕ್ತಿಗೆ ತರುವುದು, ಇವು ನನ್ನ ದೃಷ್ಟಿಯಲ್ಲಿ ಹೊಸ ಬಾವಿಗಳಷ್ಟೇ ತೂಕದ ತೈಲ ನೀತಿ. ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದ ಬರುತ್ತದೆ. ನಮ್ಮ ಜಿಲ್ಲೆಯ ಕೂಡಗಿಯ 2,400 ಮೆಗಾವ್ಯಾಟ್ ಸ್ಥಾವರವೂ ಕಲ್ಲಿದ್ದಲಿನದೇ. ಆದರೆ ಭಾರತಕ್ಕೆ ಬೇಕಾದ ಕಲ್ಲಿದ್ದಲಿನ ಬಹುಭಾಗ ದೇಶದಲ್ಲೇ ಸಿಗುತ್ತದೆ. ಹೊಗೆಯ ಪ್ರಶ್ನೆ ಬೇರೆ, ಹಂಗಿನ ಪ್ರಶ್ನೆ ಬೇರೆ. ಮಕ್ಕಳು ಇವೆರಡನ್ನು ಬೆರೆಸದಿರಲಿ.

ಧಾನ್ಯದ ಎಥೆನಾಲ್ ಬಗ್ಗೆಯೂ ಒಂದು ಮಾತು ಬೇಕು. ಈಚೆಗೆ ಗೋವಿನಜೋಳವೇ ಎಥೆನಾಲಿನ ದೊಡ್ಡ ಮೂಲವಾಗಿದೆ. ನಮ್ಮ ಒಣಬೇಸಾಯದ ಸೀಮೆಯ ಬೆಳೆಗಾರರಿಗೆ ಅದರಿಂದ ಹೊಸ ಗಿರಾಕಿ ಸಿಕ್ಕಿದ್ದು ನಿಜ, ಕೋಳಿ ಸಾಕಣೆಯವರಿಗೆ ಆಹಾರ ತುಟ್ಟಿಯಾದದ್ದೂ ನಿಜ.

ಪ್ರಶ್ನೆ ಕೇಳಿದವರಿಂದ: ಗುಮ್ಮಟ ಬೀದಿ, ವಿಜಯಪುರ

ನಾಲ್ವರಿಗೂ ಅನಂತ ಧನ್ಯವಾದಗಳು. ಮೂರು ವರ್ಷದ ಭಾಗಾಕಾರವನ್ನು ತರಗತಿಯಲ್ಲಿ ಮಾಡಿಸಿದೆ. ಪರ ವಹಿಸಿದ್ದವರೇ ವಿಷಯವನ್ನು ಬದಲಿಸೋಣ ಎಂದರು. ಈಗಿನ ವಿಷಯ: ‘ಮುಂದಿನ ಹತ್ತು ವರ್ಷ ಸರ್ಕಾರದ ಹಣ ತೈಲ ಶೋಧಕ್ಕಿಂತ ತೈಲ ಸಂಗ್ರಹಕ್ಕೆ ಮತ್ತು ಡೀಸೆಲ್ ಉಳಿತಾಯಕ್ಕೆ ಮೊದಲು ಹೋಗಬೇಕು.’ ಒಂದೇ ಅನುಮಾನ ಉಳಿದಿದೆ. ಹೇಗಿದ್ದರೂ ನಮ್ಮ ತೈಲ ಸಾಲದು ಎಂದಾದರೆ, ಅದನ್ನು ಮುಂದಿನ ಪೀಳಿಗೆಗೆಂದು ನೆಲದಲ್ಲೇ ಬಿಡುವುದು ಒಳ್ಳೆಯದಲ್ಲವೇ?

ಉತ್ತರ: ಬಾದಾಮಿ ಕಲ್ಲು, ಬಾಗಲಕೋಟೆ

ಹೊಸ ವಿಷಯ ಸೊಗಸಾಗಿದೆ. ಆದರೆ ಬಿಡುವುದು ಸರಿಯಲ್ಲ. ಉತ್ಪಾದನೆಯಲ್ಲಿರುವ ಕ್ಷೇತ್ರವನ್ನು ಹಾಗೇ ಮುಚ್ಚಿಟ್ಟು ಬೇಕಾದಾಗ ತೆರೆಯಲು ಬರುವುದಿಲ್ಲ. ಕೊಳವೆಗಳು, ಕಡಲ ವೇದಿಕೆಗಳು ತುಕ್ಕು ಹಿಡಿಯುತ್ತವೆ, ನುರಿತವರು ಬೇರೆಡೆಗೆ ಹೋಗುತ್ತಾರೆ. ನಾವು ತೆಗೆಯುವ ಒಂದೊಂದು ಟನ್ನೂ ಆಮದಿನ ಒಂದೊಂದು ಟನ್ನನ್ನು ಉಳಿಸುತ್ತದೆ. ನನ್ನ ಮಟ್ಟಿಗೆ ಅತ್ಯಂತ ಭರವಸೆಯ ಜಾಗ ಹೊಸ ಪ್ರದೇಶಗಳಿಗಿಂತ ಹಳೆಯವೇ. ಮುಂಬೈ ಹೈಯಲ್ಲಿ ಉಳಿದಿರುವುದನ್ನು ಹೆಚ್ಚು ತೆಗೆಯಲೆಂದು ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ 2025ರಲ್ಲಿ ಬ್ರಿಟನ್ನಿನ ಬಿಪಿ ಕಂಪನಿಯ ತಾಂತ್ರಿಕ ನೆರವು ಪಡೆದಿದೆ. ಅಂಥ ಹಳೆಯ ಕ್ಷೇತ್ರಗಳಲ್ಲಿ ಕೈಗೆ ಬರುವ ಪಾಲು ನೂರಕ್ಕೆ ಎರಡು ಮೂರು ಹೆಚ್ಚಿದರೂ ಅದು ಒಂದು ಹೊಸ ಕ್ಷೇತ್ರ ಸಿಕ್ಕಿದ್ದಕ್ಕೆ ಸಮ, ಅದೂ ಕೊಳವೆ, ವೇದಿಕೆಗಳೆಲ್ಲ ಮೊದಲೇ ಸಿದ್ಧವಿರುವ ಕಡೆ. ಪೆಟ್ರೋಲಿಯಂ ಸಚಿವಾಲಯದ ಯೋಜನೆ ಮತ್ತು ವಿಶ್ಲೇಷಣಾ ಘಟಕ ಪ್ರತಿ ತಿಂಗಳೂ ಉತ್ಪಾದನೆ, ಆಮದು, ಬಳಕೆಯ ಅಂಕಿಗಳನ್ನು ಪ್ರಕಟಿಸುತ್ತದೆ. ಮಕ್ಕಳು ಅವನ್ನು ತಿಂಗಳು ತಿಂಗಳು ಹೋಲಿಸಿ ನೋಡುತ್ತ ಹೋಗಲಿ. ಕಲಾದಗಿಯ ಬಗ್ಗೆ ಕೇಳಿದ ಹುಡುಗಿಗೆ ಸ್ಟ್ರೊಮ್ಯಾಟೊಲೈಟ್ ಇರುವ ಕಲ್ಲನ್ನು ನೋಡುವ ಆಸೆಯಿದ್ದರೆ ಇಲ್ಲೇ ಬರೆಯಿರಿ, ತರಗತಿಯವರೆಲ್ಲ ಬರುವುದಾದರೆ ನಾನೇ ಜೊತೆಗೆ ಬಂದು ತೋರಿಸುತ್ತೇನೆ.